ಸ್ವಾತಿ ನಕ್ಷತ್ರದ ಲೈಫ್ ಸರ್ಟಿಫಿಕೇಟು

ನಮ್ಮ ಪುಟ್ಟಬಸವಯ್ಯ ಕಣ್ಣಾರೆ ಕಾಣದ ಸಂಗತಿ ಈ ಲೋಕದಲ್ಲಿ ನಡೆದೇ ಇಲ್ಲ. ಇದು ನನ್ನ ಮಾತಲ್ಲ, ಅವನದೇ. ನಾನು ಇಸ್ತ್ರಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೇಳಿದ್ದೇನೆ, ಅಷ್ಟೆ.

ನಂಜನಗೂಡಿನಲ್ಲಿ ಅವನ ಕೆಲಸ ಬೀದಿಗೆ ನೀರು ಬಿಡುವುದು. ಬೆಳಗಿನ ಜಾವ ಬೀದಿ ಮೂಲೆಯ ಗುಂಡಿಗೆ ಉದ್ದನೆಯ ಕಬ್ಬಿಣದ ಸಲಾಕೆ ಇಳಿಸಿ ವಾಲ್ವು ತಿರುಗಿಸಿದರೆ, ನಮ್ಮ ನಲ್ಲಿಗಳು ಮೊದಲು ಕೆಮ್ಮಿ, ಆಮೇಲೆ ಉಗುಳಿ, ಕೊನೆಗೆ ನೀರು ಕೊಡುತ್ತಿದ್ದವು. ಅವನು ತಿರುಗಿಸುವ ಗತ್ತು ನೋಡಿದರೆ ಕಪಿಲಾ ನದಿಯೇ ಇವನ ಅಪ್ಪಣೆಗೆ ಕಾದು ನಿಂತಿದೆಯೇನೋ ಅನ್ನಿಸಬೇಕು. ಆ ಗುಂಡಿಯ ಪಕ್ಕದಲ್ಲೇ ನನ್ನ ಇಸ್ತ್ರಿ ಗಾಡಿ. ನೀರು ಬಿಟ್ಟಾದ ಮೇಲೆ ಗಾಡಿಯ ಮಗ್ಗುಲಿನ ಕಲ್ಲಿನ ಮೇಲೆ ಕೂತು ಪೇಪರ್ ಓದುವುದು ಅವನ ಎರಡನೆಯ ಕೆಲಸ. ಓದಿದ್ದಕ್ಕೆಲ್ಲ ತಾನೇ ಸಾಕ್ಷಿ ಎನ್ನುವುದು ಮೂರನೆಯದು. ಸರಗೂರಿನ ಕಡೆ ಕಾಡಾನೆ ನುಗ್ಗಿತೆಂದು ಪೇಪರಿನಲ್ಲಿ ಬಂದರೆ, ಅದರ ಬಾಲ ಇವನ ಮೈಗೆ ತಗುಲಿರುತ್ತಿತ್ತು. ಯಾರೋ ಮಂತ್ರಿ ವೇದಿಕೆಯಿಂದ ಜಾರಿದರೆಂದು ಬಂದರೆ, ಇವನು ಕೈ ಕೊಟ್ಟಿದ್ದರಿಂದಲೇ ಅವರ ಸೊಂಟ ಉಳಿದಿರುತ್ತಿತ್ತು. ಯಾರಿಗೂ ನಷ್ಟವಿಲ್ಲದ ಸುಳ್ಳು. ಅದೂ ಅಲ್ಲದೆ, ನೀರು ಬಿಡುವವನ ಜೊತೆ ಯಾರು ತಾನೆ ವಾದಕ್ಕಿಳಿಯುತ್ತಾರೆ?

ಎರಡು ಸಾವಿರದ ಎಂಟನೇ ಇಸವಿ, ಯುಗಾದಿ ಹತ್ತಿರವಿತ್ತು. ಒಂದು ದಿನ ಪೇಪರಿನ ಒಳಪುಟ ಮಡಿಚಿಕೊಂಡು ಗಟ್ಟಿಯಾಗಿ ಓದತೊಡಗಿದ. ಎಲ್ಲೋ ಬಹು ದೂರದಲ್ಲಿ ಒಂದು ನಕ್ಷತ್ರ ಸಿಡಿದು ಸತ್ತಿತಂತೆ. ಸತ್ತು ಏಳುನೂರ ಐವತ್ತು ಕೋಟಿ ವರ್ಷವಾಗಿದ್ದರೂ ಅದರ ಬೆಳಕು ಭೂಮಿಗೆ ಬಂದು ಮುಟ್ಟಿದ್ದು ಮೊನ್ನೆ ಮೊನ್ನೆ. ಇಂಥ ಸಾವಿನಲ್ಲಿ ಗಾಮಾ ಕಿರಣ ಅನ್ನುವುದು ಹೊರಡುತ್ತದೆ, ಅದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಈ ಸಲ ಮಾತ್ರ ಅದರ ಜೊತೆಗೆ ಕಣ್ಣಿಗೆ ಕಾಣುವ ಬೆಳಕೂ ಬಂದಿತ್ತು. ದುರ್ಬೀನು ಇಲ್ಲದೆ ಬರಿಗಣ್ಣಿಗೇ ಕಾಣುವಷ್ಟು, ಆದರೆ ಒಂದರ್ಧ ನಿಮಿಷ ಮಾತ್ರ, ಸ್ವಾತಿ ನಕ್ಷತ್ರ ಇರುವ ದಿಕ್ಕಿನಲ್ಲಿ. ಆ ಹೊತ್ತಿಗೆ ಯಾರಾದರೂ ತಲೆಯೆತ್ತಿ ನೋಡಿದ್ದರೆ ಅವರೇ ಪುಣ್ಯವಂತರು, ಆದರೆ ನೋಡಿದವರು ಯಾರೆಂಬುದು ಇನ್ನೂ ತಿಳಿದಿಲ್ಲ ಎಂದು ಬರೆದವರು ಮುಗಿಸಿದ್ದರು.

ಹಾಗೆ ಬರೆಯಬಾರದಿತ್ತು. ಖಾಲಿ ಕುರ್ಚಿ ಕಂಡರೆ ಕೂತುಬಿಡುವ ಜನ ಇರುತ್ತಾರೆ.

ಪುಟ್ಟಬಸವಯ್ಯ ಪೇಪರ್ ಕೆಳಗಿಟ್ಟ. ಆಕಾಶ ನೋಡಿದ. ಆಮೇಲೆ ನನ್ನ ನೋಡಿದ.

"ಅಣ್ಣೋ, ಅದು ನಾನೇ ಕಣಣ್ಣ."

"ಯಾವ್ದು?"

"ಆ ಪುಣ್ಯವಂತ. ವಾಲ್ವ್ ತಿರುಗ್ಸಕ್ ಓಗ್ತಿದ್ನಾ, ಜಗ್ ಅಂತು. ನಾನ್ ಏನೋ ಮಿಂಚು ಅನ್ಕಂಡೆ."

ನಾನು ಒಂದು ಅಂಗಿಯ ಕಾಲರಿಗೆ ನೀರು ಚಿಮುಕಿಸಿದೆ. ಬಿಸಿ ಪೆಟ್ಟಿಗೆ ಕೈಯಲ್ಲಿ ಇರುವಾಗ ವಾದ ಮಾಡಬಾರದು.

ಆ ಭಾನುವಾರವೇ ಅವನ ಮಗಳು ಕವನಳನ್ನು ಗೊತ್ತು ಮಾಡಿಕೊಂಡು ಹೋಗಲು ತಿರುಮಕೂಡಲು ನರಸೀಪುರದಿಂದ ಗಂಡಿನವರು ಬರುವವರಿದ್ದರು. ಕವನ ನರಸೀಪುರದ ಒಂದು ಶಾಲೆಯಲ್ಲಿ ಟೀಚರು. ಅವಳು ದಿನಾ ಹೋಗಿಬರುವ ಬಸ್ಸಿನ ಕಂಡಕ್ಟರು ಜಗನ್. ಟಿಕೆಟ್ ಕೊಡುತ್ತಾ ಕೊಡುತ್ತಾ ಮಾತೂ ಕೊಟ್ಟುಬಿಟ್ಟಿದ್ದ. ಎರಡು ಮನೆಯವರೂ ಒಪ್ಪಿದ್ದರು, ಜಾತಕವೂ ಕೂಡಿತ್ತು. ನಾನು ಇಸ್ತ್ರಿ ಹಾಕಿಕೊಟ್ಟ ಮದುವೆ ಪಂಚೆಗಳು ಎಷ್ಟೋ, ಇಷ್ಟು ಸಲೀಸಾಗಿ ಕುದುರಿದ ಸಂಬಂಧ ಇನ್ನೊಂದಿರಲಿಲ್ಲ. ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ. ಬೀದಿಯ ಹಿರಿಯನೆಂದು ನನ್ನನ್ನೂ ಕೂರಿಸಿದ್ದರು.

ಜಗನ್‌ನ ಅಪ್ಪ ಮಲ್ಲಯ್ಯ ನರಸೀಪುರದಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು. ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಸದ್ದಿಲ್ಲದ ಕಡೆಯೂ ಕೂಗಿಯೇ ಮಾತಾಡುವ ರೂಢಿ. ಅವನ ತಾಯಿ ಶಿವನಂಜಮ್ಮ ಸೊಂಟದ ಚೀಲದಿಂದ ಅಡಿಕೆ ತೆಗೆದು ಕುಟ್ಟುತ್ತಾ ಮೂಲೆಯಲ್ಲಿ ಕೂತಿದ್ದರು. ಆ ಮನೆಯಲ್ಲಿ ಕೂಗುವವನು ಮಗ, ಆದರೆ ನಡೆಯುವುದು ತಾಯಿಯ ಮಾತು.

ಉಪ್ಪಿಟ್ಟಾಯಿತು, ಕೇಸರಿಬಾತಾಯಿತು. ಗಂಡಸರಿಗೆ ಮಾತು ಮುಗಿಯಿತು. ಆಗ ಮಲ್ಲಯ್ಯ ಲೋಟದ ನೀರು ಕುಡಿದು ಮೀಸೆ ಒರೆಸಿಕೊಂಡ.

"ಬೀಗ್ರೇ, ನಿಮ್ಮೂರ್ ನೀರು ಪರ್ವಾಗಿಲ್ಲ. ಆದ್ರೂ ನೀವೆಲ್ಲ ಮಿಂದು ಒಗ್ದು ಬುಟ್ಟಿದ್ದು ನಮ್ಮೂರ್‌ಗೇ ತಾನೆ ಬರ್ಬೇಕು? ಅಲ್ಲಿ ಕಾವೇರಿ ಕೂಡ್ಕಂಡ್ಮೇಲೆನೇ ಅದು ನೀರು ಅನ್ನುಸ್ಕೊಳ್ಳೋದು!"

ತಮಾಷೆಗೆ ಅಂದದ್ದು. ಆದರೆ ನೀರು ಬಿಡುವವನ ಮನೆಯಲ್ಲಿ ಕೂತು ನೀರಿನ ತಮಾಷೆ ಮಾಡಬಾರದು. ಪುಟ್ಟಬಸವಯ್ಯನ ಮುಖ ಪೆಟ್ಟಿಗೆ ಮರೆತು ಬಿಟ್ಟ ಟೆರಿಲಿನ್ ಬಟ್ಟೆಯ ಹಾಗೆ ಮುದುಡಿತು.

"ನೀರ್ ಬುಡಿ ಬೀಗ್ರೇ, ಅದು ಕೆಳೀಕೆ ಅರಿಯೋ ವಸ್ತು. ನಾನ್ ಮೇಲ್ಗಡೆ ಇಚಾರ ಏಳ್ತೀನಿ ಕೇಳಿ. ಸ್ವಾತಿ ನಕ್ಷತ್ರ ಇತ್ತಲ್ಲ?"

"ಇತ್ತಾ?"

"ಇತ್ತು. ಈಗಿಲ್ಲ. ಸಿಡ್ದೋಯ್ತು. ಈ ಎರಡ್ ಕಣ್ಣಲ್ಲಿ ನೋಡಿವ್ನಿ. ಪ್ರಪಂಚದಲ್ಲೇ ಯಾರೂ ನೋಡಿಲ್ವಂತೆ, ಪೇಪರ್‌ನಲ್ ಬಂದದೆ."

ಮಲ್ಲಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಗೆದ್ದೆನೆಂದು ತಿಳಿದ ಪುಟ್ಟಬಸವಯ್ಯ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಗೆದ್ದವನಿಗೆ ನಿಲ್ಲುವುದು ಗೊತ್ತಿರುವುದಿಲ್ಲ.

"ಬೂದಿ ಬೀಗ್ರೇ, ಬೂದಿ! ಒಂದ್ ಚೂರೂ ಉಳೀನಿಲ್ಲ. ಸ್ವಾತಿ ಅನ್ನೋದು ಇನ್ ಪಂಚಾಂಗದಲ್ಲಿ ಮಾತ್ರ!"

ಮೂಲೆಯಲ್ಲಿ ಅಡಿಕೆ ಕುಟ್ಟುವ ಸದ್ದು ನಿಂತಿತು.

"ಯಾವ್ ನಕ್ಷತ್ರ ಅಂದ್ಯಪ್ಪಾ?" ಎಂದರು ಶಿವನಂಜಮ್ಮ.

"ಸ್ವಾತಿ ಕಣವ್ವಾ, ಸ್ವಾತಿ!"

"ಮತ್ತೆ ಉಡ್ಗಿ ಜಾತಕದಲ್ಲಿ ಯಾವ್ ನಕ್ಷತ್ರ ಬರ್ಸಿದ್ರಿ?"

ಅಡುಗೆಮನೆಯಲ್ಲಿ ಪುಟ್ಟಬಸವಯ್ಯನ ಹೆಂಡತಿ ಮಾದಮ್ಮನ ಕೈಯಿಂದ ಲೋಟ ಬಿತ್ತು. ಅದು ಉರುಳಿ ಉರುಳಿ, ಹೊಸಿಲಿಗೆ ತಗುಲಿ, ತಿರುಗಿ ನಿಂತಿತು.

"ಸತ್ತಿರೋ ನಕ್ಷತ್ರದ್ ಎಣ್ಣ ಕರ್ಕಂಡೋಗಿ ನಾವೇನಪ್ಪ ಮಾಡಾದು?" ಎಂದರು ಮುದುಕಿ, ಕೋಪವಿಲ್ಲದೆ, ಲೆಕ್ಕ ಕೇಳುವವರ ಹಾಗೆ.

ಪುಟ್ಟಬಸವಯ್ಯ ಎದ್ದು ನಿಂತ. ಹೇಗಾದರೂ ಸರಿಮಾಡಬೇಕೆಂದು, "ಇಲ್ಲವ್ವಾ, ಅದು ಈಗ ಸತ್ತಿದ್ದಲ್ಲ! ಸತ್ತು ಏಳ್ನೂರೈವತ್ತು ಕೋಟಿ ವರ್ಸ ಆಗದೆ!" ಎಂದ.

"ಅಂದ್ರೆ ಉಡ್ಗಿ ಉಟ್ಟಾಗ್ಲೇ ಇರ್ನಿಲ್ಲ!" ಶಿವನಂಜಮ್ಮ ಅಡಿಕೆ ಚೀಲದ ದಾರ ಎಳೆದು ಕಟ್ಟಿದರು. "ಏಳ್ಲಾ ಮಲ್ಲ. ಬಸ್ ಓಯ್ತದೆ."

ಬದಲಾಯಿಸಬೇಕಾಗಿದ್ದ ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಜಗನ್ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದ. ಕವನ ಅವನನ್ನು ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನು ಅಂದೇ ಊರು ಬಿಡುತ್ತಿದ್ದೆ.

ಸುದ್ದಿ ಸಂಜೆಗೆ ಬೀದಿ ತುಂಬಿತು. ಪಕ್ಕದ ಮನೆಯ ಮಂಗಳಮ್ಮ ಸೂತಕದ ಪ್ರಶ್ನೆ ಎತ್ತಿದಳು. ಅವಳ ಗಂಡನದೂ ಸ್ವಾತಿ ನಕ್ಷತ್ರ. "ದೂರದಲ್ಲಿ ಸತ್ತೋರ್ಗೆ ಸುದ್ದಿ ಕೇಳ್ದಾಗ ತಾನೆ ಸೂತಕ? ಸತ್ತು ಎಷ್ಟ್ ವರ್ಸ ಆದ್ರೇನು, ಸುದ್ದಿ ಇವತ್ ಬಂತು" ಎಂದು ಗಂಡನ ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದಳು. ಶಾಸ್ತ್ರದಲ್ಲಿ ಅವಳ ಮಾತು ತಪ್ಪಲ್ಲ. ಅದನ್ನು ನೋಡಿ ಎದುರು ಮನೆಯವರು, ಅವರನ್ನು ನೋಡಿ ಆ ಸಾಲಿನವರೆಲ್ಲ, ತಮ್ಮದು ಯಾವ ನಕ್ಷತ್ರ ಎಂದು ಗೊತ್ತಿಲ್ಲದವರೂ ಯಾವುದಕ್ಕೂ ಇರಲಿ ಎಂದು, ತಲೆಗೆ ಮಿಂದರು. ತೊಟ್ಟಿಗಳೆಲ್ಲ ಬರಿದಾಗಿ, "ನಕ್ಷತ್ರ ಸಾಯ್ಸ್ದೋನೇ ನೀರ್ ಬುಡ್ಲಿ!" ಎಂದು ಖಾಲಿ ಕೊಡ ಹಿಡಿದು ಪುಟ್ಟಬಸವಯ್ಯನ ಮನೆ ಮುಂದೆ ನಿಂತರು. ಅವನು ತನ್ನ ಬದುಕಿನಲ್ಲಿ ಮೊದಲ ಸಲ ಬೇಸಿಗೆಯಲ್ಲಿ ಎರಡು ಹೊತ್ತು ನೀರು ಬಿಟ್ಟ.

ಮಾರನೆಯ ದಿನ ಚಿಕ್ಕಯ್ಯನಛತ್ರದ ಕಡೆಯ ಇಬ್ಬರು ರೈತರು ನನ್ನ ಗಾಡಿಯ ಹತ್ತಿರ ಬಂದು ಅವನನ್ನು ಕಾದು ಕೂತರು.

"ಸ್ವಾಮಿ, ಸ್ವಾತಿ ನಕ್ಷತ್ರ ಓಯ್ತು ಅಂತಾರೆ. ಹಂಗಾರೆ ಈ ಸಲ ಸ್ವಾತಿ ಮಳೆ ಬತ್ತದಾ ಇಲ್ವಾ?"

"ಅದೂ..." ಎಂದ ಪುಟ್ಟಬಸವಯ್ಯ.

"ಇಲ್ಲ ಅಂದ್ರೆ ಇಲ್ಲ ಅಂತ ಈಗ್ಲೇ ಏಳ್ಬುಡಿ. ವಿಶಾಖದ್ ಮಳೇನೇ ನಂಬ್ಕತೀವಿ."

ಜೀವಮಾನದಲ್ಲಿ ಯಾರೂ ಅವನನ್ನು ಅಷ್ಟು ಗೌರವದಿಂದ ಕೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಇಡೀ ವರ್ಷದ ಮಳೆಯನ್ನೇ ಹಂಚಿಬಿಡುತ್ತಿದ್ದ. ಅವತ್ತು ಮಾತ್ರ ಸಲಾಕೆ ಹೆಗಲಿಗೇರಿಸಿ ಹಿಂದಿನ ಓಣಿಯಲ್ಲಿ ನುಸುಳಿದ.

ಇತ್ತ ನರಸೀಪುರದಲ್ಲಿ ಏನಾಯಿತೆಂಬುದನ್ನು ಜಗನ್ ಬಸ್ಸು ನಿಲ್ಲಿಸಿದಾಗ ಕಿಟಕಿಯಿಂದ ಬಗ್ಗಿ ನನಗೆ ಹೇಳುತ್ತಿದ್ದ. ಮಲ್ಲಯ್ಯ ಅನುಮಾನ ಪರಿಹಾರಕ್ಕೆಂದು ಹೊಳೆ ದಂಡೆಯ ಒಂದು ಹಳ್ಳಿಯ ನರಸಿಂಹ ಗುಡಿಯ ಅರ್ಚಕರು ರಘೂತ್ತಮಯ್ಯನವರ ಬಳಿ ಹೋದನಂತೆ. ಅವರು ಕೇಳಿದವರೇ ಗಂಟೆ ಕೆಳಗಿಟ್ಟರಂತೆ.

"ಏನಯ್ಯಾ ಮಲ್ಲಯ್ಯ, ತಲೆ ನೆಟ್ಟಗಿದೆಯೇ? ನಮ್ಮ ಸ್ವಾಮಿ ಅವತಾರ ಎತ್ತಿದ್ದೇ ಸ್ವಾತಿಯಲ್ಲಿ! ವೈಶಾಖದಲ್ಲಿ ಜಯಂತಿ ಬರ್ತಾ ಇದೆ. ಸಂಕಲ್ಪದಲ್ಲಿ ಏನಂತ ಹೇಳಲಿ ನಾನು? 'ದಿವಂಗತ ಸ್ವಾತೀ ನಕ್ಷತ್ರೇ' ಅನ್ನಲೇ?"

"ಅಲ್ಲ ಸ್ವಾಮಿ, ಬೀಗ್ರು ಕಣ್ಣಾರೆ ನೋಡವ್ರಂತೆ..."

"ನಿಮ್ಮ ಬೀಗರು ಇನ್ನೊಂದು ಸಲ ನೋಡೋದಕ್ಕೆ ಮುಂಚೆ ಕಣ್ಣು ಮುಚ್ಚಿಕೊಳ್ಳೋಕೆ ಹೇಳು! ಸ್ವಾಮಿಗೆ ಸರ್ಕಾರ ಕೊಡೋ ತಸ್ತೀಕೇ ಕುಂಟಿಕೊಂಡು ಬರುತ್ತೆ. ದೇವರ ನಕ್ಷತ್ರವೇ ಇಲ್ಲ ಅಂತ ಯಾವನಾದರೂ ಗುಮಾಸ್ತನಿಗೆ ಗೊತ್ತಾದರೆ ಅದೂ ನಿಂತುಹೋಗುತ್ತೆ. ಸ್ವಾತಿಗೆ ಏನೂ ಆಗಿಲ್ಲ, ಹೋಗು!"

ಆದರೆ ಶಿವನಂಜಮ್ಮ ಒಪ್ಪಲಿಲ್ಲ. "ಅಯ್ನೋರ್ಗೆ ತಸ್ತೀಕಿನ್ ಚಿಂತೆ, ನಂಗೆ ಮೊಮ್ಮಗನ್ ಚಿಂತೆ. ಬದ್ಕದೆ ಅಂತ ಬರ್ಸ್ಕಂಡ್ ಬರ್ಲಿ. ನಾನು ಪೆನ್ಸನ್‌ಗೆ ವರ್ಸಾ ವರ್ಸಾ ಬದ್ಕಿವ್ನಿ ಅಂತ ಬರ್ಸ್ಕೊಡಲ್ವಾ? ನಂಗಿಲ್ದಿರೋ ದೊಡ್ಡಸ್ತಿಕೆ ಅದ್ಕೇನು?"

ತೀರಿಹೋದ ಗಂಡನ ಪಿಂಚಣಿ ಬರುವ ಹೆಂಗಸು. ಬದುಕಿರುವುದು ಬೇರೆ, ಬದುಕಿದೆ ಎಂದು ಕಾಗದದಲ್ಲಿ ಇರುವುದು ಬೇರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಪುಟ್ಟಬಸವಯ್ಯ ಲೈಫ್ ಸರ್ಟಿಫಿಕೇಟಿಗೆ ಹೊರಟ. ಯಾವ ಕಚೇರಿಗೆ ಎಂದು ನಾನು ಹೇಳುವುದಿಲ್ಲ. ಅಲ್ಲಿಯವರ ಬಟ್ಟೆಯೂ ನನ್ನಲ್ಲೇ ಇಸ್ತ್ರಿಗೆ ಬರುತ್ತದೆ. ಜೊತೆಗೆ ಬಾ ಅಂದ, ಹೋಗಿದ್ದೆ.

ಗುಮಾಸ್ತರು ತಲೆಯೆತ್ತದೆ ಕೇಳಿದರು. "ಏನಾಗ್ಬೇಕು?"

"ಲೈಫ್ ಸರ್ಟಿಫಿಕೇಟು ಸಾ."

"ಯಾರ್ದು?"

"ಸ್ವಾತೀದು ಸಾ."

"ನಿಮಗೇನಾಗ್ಬೇಕು?"

"ಮಗಳ್ ಕಡೆಯಿಂದ ಸಂಬಂಧ ಸಾ."

"ಖುದ್ದು ಹಾಜರಾಗ್ಬೇಕು. ಕರ್ಕೊಂಡ್ ಬನ್ನಿ."

"ಅದು ಬರೋದು ರಾತ್ರಿ ಒತ್ತು ಮಾತ್ರ ಸಾ."

ಗುಮಾಸ್ತರು ಈಗ ತಲೆಯೆತ್ತಿದರು. "ಏನ್ರೀ, ಯಜಮಾನ್ರಾಗಿ ನಾಚ್ಕೆ ಆಗಲ್ವಾ? ಅಂಥೋರ್ಗೆಲ್ಲ ಇಲ್ಲಿ ಸರ್ಟಿಫಿಕೇಟ್ ಕೊಡಲ್ಲ."

"ಅಯ್ಯೋ, ಅಂಥೋಳಲ್ಲ ಸಾ! ಆಕಾಸದಲ್ಲಿರೋದು!"

ಗುಮಾಸ್ತರ ಮುಖ ಮೆತ್ತಗಾಯಿತು. "ಮೊದಲೇ ಹೇಳಬಾರದೇನ್ರೀ. ಆಕಾಶ ಸೇರಿದ ಮೇಲೆ ಲೈಫ್ ಸರ್ಟಿಫಿಕೇಟ್ ಯಾಕೆ? ಡೆತ್ ಸರ್ಟಿಫಿಕೇಟ್ ಆ ಪಕ್ಕದ ಕಿಟಕಿ."

ಪಕ್ಕದ ಕಿಟಕಿಯ ಹೆಣ್ಣುಮಗಳು ಬಹಳ ಚುರುಕು. "ಎಂದು ತೀರ್ಕೊಂಡಿದ್ದು?" ಎಂದಳು. ಕೇಳಿದ್ದಕ್ಕೆ ನಿಜ ಹೇಳುವುದೆಂದು ಪುಟ್ಟಬಸವಯ್ಯ ಅವತ್ತು ತೀರ್ಮಾನಿಸಿದ್ದ.

"ಏಳ್ನೂರೈವತ್ತು ಕೋಟಿ ವರ್ಸ ಆಯ್ತವ್ವಾ."

ಅವಳು ಪೆನ್ನು ಕೆಳಗಿಟ್ಟಳು. "ಇಷ್ಟು ದಿನ ಏನ್ ಮಾಡ್ತಿದ್ರಿ? ಒಂದು ವರ್ಷ ದಾಟಿದ್ರೆ ಕೋರ್ಟಿನಿಂದ ಆರ್ಡರ್ ತರ್ಬೇಕು. ಮುಂದಿನೋರು ಬನ್ನಿ."

ಮನೆಗೆ ಬಂದಾಗ ಜಗಲಿಯ ಮೇಲೆ ಮಾದಮ್ಮನ ಅಣ್ಣನ ಮಗಳು ಸಂಘಮಿತ್ರಾ ಕೂತಿದ್ದಳು. ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ಅವಳ ಮನೆಯವರು ಬುದ್ಧನ ಪಟ ಇಟ್ಟುಕೊಂಡವರು, ಜಾತಕ ಗೀತಕ ಮುಟ್ಟುವುದಿಲ್ಲ. ನಕ್ಷತ್ರ ಸತ್ತು ಮದುವೆ ನಿಂತಿತೆಂದು ಕವನ ಫೋನು ಮಾಡಿದ್ದಕ್ಕೆ, ಅಳಬೇಕೋ ನಗಬೇಕೋ ತಿಳಿಯದೆ ಬಸ್ಸು ಹತ್ತಿ ಬಂದಿದ್ದಳು.

"ಮಾವ, ಸತ್ತಿದ್ದು ಸ್ವಾತಿ ಅಲ್ಲ. ಆ ದಿಕ್ಕಿನಲ್ಲಿ ಅಷ್ಟೆ. ಸ್ವಾತಿ ನಮ್ಮ ಪಕ್ಕದ್ಮನೆ ಇದ್ದ ಹಾಗೆ. ಅದು ಎಲ್ಲೋ ಆಚೆ, ಹೇಳೋಕಾಗದಷ್ಟು ದೂರ. ಇಲ್ಲಿಂದ ನೋಡಿದ್ರೆ ನಿಮ್ಮ ಬೀದಿ ಲೈಟ್ ಕಂಬದ ಪಕ್ಕದಲ್ಲೇ ಚಾಮುಂಡಿ ಬೆಟ್ಟದ ದೀಪ ಕಾಣ್ತದಲ್ವಾ? ಬೆಟ್ಟದ ದೀಪ ಆರಿಹೋದ್ರೆ ನಿಮ್ಮ ಕಂಬ ಬಿತ್ತು ಅಂತೀರಾ?"

ಪುಟ್ಟಬಸವಯ್ಯನಿಗೆ ಜೀವ ಬಂತು. ಇಷ್ಟು ಸುಲಭದ ಮಾತು! ಒಳಗಿದ್ದ ಮಾದಮ್ಮ, ಕವನ ಇಬ್ಬರೂ ಹೊರಗೆ ಬಂದರು.

"ಅದನ್ ಎಂಗವ್ವಾ ಕಂಡ್ ಇಡುದ್ರು?" ಎಂದು ನಾನೇ ಕೇಳಿದೆ.

"ಕಣ್ಣಿಗೆ ಕಾಣದ ಕಿರಣ ಬರ್ತದಲ್ಲ ತಾತ, ಅದನ್ನ ಹಿಡಿಯೋಕೆ ಅಂತಲೇ ಮೇಲೆ ಒಂದು ಉಪಗ್ರಹ ಬಿಟ್ಟಿದ್ದಾರೆ. ಅದಕ್ಕೆ ಸುಳಿವು ಸಿಕ್ಕಿದ ತಕ್ಷಣ ಇಂಥಾ ಕಡೆ ಅಂತ ಕೆಳಗಿರೋ ದೂರದರ್ಶಕಗಳಿಗೆಲ್ಲ ಸುದ್ದಿ ಕೊಡುತ್ತೆ. ಮನುಷ್ಯರು ಎದ್ದು ಬರೋದ್ರೊಳಗೆ ಬೆಳಕು ಆರಿಹೋಗುತ್ತೆ ನೋಡಿ, ಅದಕ್ಕೇ ಅವು ತಾವಾಗೇ ಕತ್ತು ತಿರುಗಿಸ್ತವೆ. ಈ ಸಲ ಒಂದು ಕ್ಯಾಮರಾ ಪುಣ್ಯಕ್ಕೆ ಮೊದಲಿಂದಲೇ ಆ ಕಡೆ ನೋಡ್ತಾ ಇತ್ತು."

ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಬೀದಿಯಲ್ಲಿ ಒಂದು ನಾಯಿಗೆ ವಾಸನೆ ಸಿಕ್ಕಿ ಬೊಗಳಿದರೆ ಉಳಿದವೆಲ್ಲ ಅದೇ ದಿಕ್ಕಿಗೆ ಮೂತಿ ತಿರುಗಿಸುತ್ತವೆ, ಹಾಗೆ.

"ಆ ಕ್ಯಾಮರಾನೂ, ನಾನೂ," ಎಂದ ಪುಟ್ಟಬಸವಯ್ಯ. ಜೀವ ಬಂದಿತ್ತಲ್ಲ, ಜೊತೆಗೆ ಹಳೆಯ ಬುದ್ಧಿಯೂ ಬಂದಿತ್ತು. "ಇಬ್ರೇ ನೋಡಿದ್ದು."

ಸಂಘಮಿತ್ರಾ ಅವನ ಕಡೆ ತಿರುಗಿದಳು. "ಎಷ್ಟು ಹೊತ್ನಲ್ಲಿ ಮಾವ?"

"ಬೆಳಗಿನ್ ಜಾವ."

"ಆ ಕ್ಯಾಮರಾ ಇದ್ದಿದ್ದು ಚಿಲಿ ದೇಶದಲ್ಲಿ. ಭೂಮಿಯ ಆ ಕಡೆ. ಅಲ್ಲಿ ರಾತ್ರಿ. ಆ ಬೆಳಕು ಬಂದಾಗ ನಮಗಿಲ್ಲಿ ಇನ್ನೇನು ಮಧ್ಯಾಹ್ನ. ಇಡೀ ಇಂಡಿಯಾದಲ್ಲಿ ಸುಡುಬಿಸಿಲು."

ಪುಟ್ಟಬಸವಯ್ಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದ, ಅಲ್ಲಿ ಏನಾದರೂ ಸಹಾಯ ಸಿಗುತ್ತದೇನೋ ಎಂಬಂತೆ. "ಅವತ್ ಸ್ವಲ್ಪ ಮೋಡ ಇತ್ತು," ಎಂದ.

"ಮೋಡ ಇತ್ತಾ!" ಎಂದಳು ಮಾದಮ್ಮ. "ಮಧ್ಯಾನ ನೀವು ಟ್ಯಾಂಕಿನ್ ನೆಳ್ಳಲ್ಲಿ ಟವಲ್ ಆಕ್ಕಂಡು ಮಲ್ಗಿರ್ತೀರಿ. ಬುತ್ತಿ ತಂದು ಎಬ್ರ್ಸೋಳು ನಾನು! ಕನ್ಸಲ್ಲಿ ನೋಡುದ್ರಾ? ನಾಳಿಕೇ ನರಸೀಪುರಕ್ ಓಗಿ. ಅದು ಸ್ವಾತಿ ಅಲ್ಲ ಅನ್ನಿ. ನಾನ್ ನೋಡೇ ಇಲ್ಲ ಅನ್ನಿ."

"ಸ್ವಾತಿ ಅಲ್ಲ ಅಂತೀನಿ. ನೋಡ್ನಿಲ್ಲ ಅಂತ್ಲೂ ಅನ್ಬೇಕಾ?"

"ನೋಡಿವ್ನಿ ಅಂದೋರ್ ಮಾತ್ನ, ಅದು ಸ್ವಾತಿ ಅಲ್ಲ ಅಂದ್ರೆ ಆ ಮುದ್ಕಿ ನಂಬ್ತದಾ? ಬೀಗ್ರು ಮದ್ವೆ ಉಳ್ಸಕ್ ಮಾತ್ ತಿರುಗುಸ್ತಾವ್ರೆ ಅಂತದೆ."

"ಲೇ, ಇದ್ ನೋಡ್ನಿಲ್ಲ ಅಂದ್ರೆ ನಾಳೆ ಆನೆ ಇಚಾರಾನೂ ಕೇಳ್ತಾರೆ ಕಣೇ!" ಅವನ ದನಿ ನಿಜಕ್ಕೂ ಒಡೆದಿತ್ತು. "ಮಂತ್ರಿ ಸೊಂಟದ್ ಇಚಾರಾನೂ ಕೇಳ್ತಾರೆ. ಆಮೇಲೆ ನನ್ ಅತ್ರ ಏನ್ ಉಳೀತದೆ?"

ಕವನ ಅಷ್ಟು ದಿನದಿಂದ ಅಪ್ಪನ ಜೊತೆ ಮಾತಾಡಿರಲಿಲ್ಲ. ಈಗ ಮಾತಾಡಿದಳು. "ಆನೆ ನೀನೇ ಇಟ್ಕೊ ಅಪ್ಪ. ಸೊಂಟಾನೂ ಇಟ್ಕೊ. ಇದೊಂದ್ ಮಾತ್ರ ನಂಗೆ ಬುಟ್ಕೊಡು."

ಅವನು ಒಳಗೆ ಹೋಗಿ, ಮದುವೆಗೆಂದು ತೆಗೆದಿಟ್ಟಿದ್ದ ಪಂಚೆ ತಂದು ನನ್ನ ಕೈಗಿಟ್ಟ. "ಇದ್ಕೊಂದ್ ಇಸ್ತ್ರಿ ಆಕ್ಕೊಡಣ್ಣ," ಎಂದ. ಮಾದಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ನೀವೂ ಜೊತೇಲಿ ಓಗಣ್ಣ. ನೀವ್ ಮಾತಾಡಲ್ಲ, ಅದ್ಕೇ ಕಳುಸ್ತಾ ಇರೋದು. ಇವ್ರು ಅಲ್ಲಿ ಏನ್ ಒದರ್ತಾರೆ ಕೇಳ್ಕಂಡು ಬಂದು ನಂಗೆ ಏಳಿ."

ಹೋದದ್ದು ಜಗನ್‌ನ ಬಸ್ಸಿನಲ್ಲೇ. ಅವನು ಟಿಕೆಟ್ ಹರಿದುಕೊಡುತ್ತಾ ಬಗ್ಗಿ, "ಮಾವ, ನಮ್ಮಪ್ಪನ್ನ ನೋಡಿ ಗಾಬರಿ ಆಗ್ಬೇಡಿ," ಎಂದ. ಯಾಕೆಂದು ಕೇಳುವಷ್ಟರಲ್ಲಿ ಹಿಂದಿನ ಸೀಟಿನವರು ಕೂಗಿ ಕರೆದರು.

ಯಾಕೆಂಬುದು ಹಿಟ್ಟಿನ ಮಿಲ್ಲಿನ ಮುಂದೆ ಗೊತ್ತಾಯಿತು. ರಾಗಿ ಬೀಸಿಸಲು ಬಂದವರು, ಬರದವರು, ಯುವಕ ಸಂಘದ ಹುಡುಗರು, ಎಲ್ಲ ಸೇರಿದ್ದರು. ಮಲ್ಲಯ್ಯ ಮೈಯೆಲ್ಲ ಹಿಟ್ಟು ಮಾಡಿಕೊಂಡು ನಡುವೆ ನಿಂತು ಮಿಲ್ಲಿನ ಸದ್ದಿನ ಮೇಲೆ ಕೂಗುತ್ತಿದ್ದ.

"ನಂಜನಗೂಡ್ನೋರು ಕಂಡವ್ರೆ, ಇಲ್ಲ ಅನ್ನಲ್ಲ! ಅವ್ರಿಗೆ ಕಂಡಿದ್ದು ಬರೀ ಆಕಾಸದಲ್ಲಿ! ನಾನ್ ಬೆಳಗಿನ್ ಜಾವ ಸಂಗಮದಲ್ಲಿ ಮುಖ ತೊಳೀತಿದ್ನಾ, ಆ ಬೆಳ್ಕು ಮೂರ್ ನದಿ ಕೂಡೋ ಮಡುವಲ್ಲಿ ಬಿದ್ದು, ನಂಗೆ ಮೇಲೂ ಕಂಡ್ತು, ಕೆಳ್ಗೂ ಕಂಡ್ತು!"

ನಂಜನಗೂಡಿನ ನೀರು ಬಿಡುವವನಿಗೆ ಕಂಡದ್ದು ತನಗೆ ಕಾಣಲಿಲ್ಲ ಎಂದು ಒಪ್ಪಿಕೊಳ್ಳುವುದು ಅವನಿಂದ ಆಗಿರಲಿಲ್ಲ. ಸಂಜೆ ಯುವಕ ಸಂಘದಿಂದ ಅವನಿಗೆ ಶಾಲು ಹೊದಿಸುವ ಕಾರ್ಯಕ್ರಮವೂ ಗೊತ್ತಾಗಿತ್ತು. ಹೀಗಿರುವಾಗ ಸ್ವಾತಿ ಬದುಕುವುದು ಅವನಿಗೆ ಬೇಕಿತ್ತೋ ಬೇಡವಾಗಿತ್ತೋ, ಯೋಚನೆ ಮಾಡಿ.

ನಾನು ಪುಟ್ಟಬಸವಯ್ಯನ ಕಡೆ ನೋಡಿದೆ. ಅವನ ಕಣ್ಣು ಹೊಳೆಯುತ್ತಿತ್ತು. ತುಟಿ ಬಿರಿಯುತ್ತಿತ್ತು. ಮಡುವಿನಲ್ಲಿ ಬಿದ್ದದ್ದೇನು, ನನ್ನ ಸಲಾಕೆಯ ಮೇಲೇ ಬಿತ್ತು ಎಂಬ ಮಾತು ಗಂಟಲಿಗೆ ಬಂದು ನಿಂತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಅವನ ಪಂಚೆಯ ಚುಂಗು ಹಿಡಿದು ಜಗ್ಗಿದೆ. ಇಸ್ತ್ರಿ ಹಾಕಿದವನು ನಾನು, ಅಷ್ಟು ಹಕ್ಕಿತ್ತು.

ಅವನು ಮಾತನ್ನು ನುಂಗಿದ. ಜನರನ್ನು ಸರಿಸಿಕೊಂಡು ಜಗಲಿಯ ಮೇಲೆ ಕೂತಿದ್ದ ಶಿವನಂಜಮ್ಮನ ಮುಂದೆ ಹೋಗಿ ನಿಂತ.

"ಅವ್ವಾ, ನಾನ್ ನೋಡ್ನಿಲ್ಲ."

"ಏನ್ನ?"

"ನಕ್ಷತ್ರ ಸಿಡ್ದಿದ್ನ. ಪೇಪರ್‌ನಲ್ಲಿ ಓದಿ ಏಳ್ದೆ. ಅದು ಸ್ವಾತೀನೂ ಅಲ್ವಂತೆ, ಅದ್ರ ಇಂದೆ ಬಲು ದೂರದಲ್ಲಿ ಇನ್ಯಾವ್ದೋ. ನಮ್ ಸ್ವಾತಿ ಗುಂಡ್ಕಲ್ಲಂಗದೆ ಅಂತ ಮೈಸೂರ್ ಕಾಲೇಜಲ್ಲಿ ಪಾಠ ಏಳೋ ಉಡ್ಗಿ ಏಳ್ತು."

"ನೋಡೇ ಇಲ್ವಾ ನೀನು?"

"ನೋಡಕ್ಕೇ ಆಗಂಗಿರ್ನಿಲ್ಲ ಅವ್ವಾ." ಈಗ ಅವನ ದನಿ ಎಲ್ಲರಿಗೂ ಕೇಳಿಸಿತು, ಯಾಕೆಂದರೆ ಒಳಗೆ ಯಾರೋ ಮಿಲ್ಲಿನ ಸ್ವಿಚ್ಚು ಆರಿಸಿದ್ದರು. "ಆ ಬೆಳ್ಕು ಬಂದಾಗ ನಮ್ ದೇಸದಲ್ಲೆಲ್ಲ ಅಗಲು. ಸುಡ್ಬಿಸ್ಲು. ನಾನ್ ಟ್ಯಾಂಕ್ ನೆಳ್ಳಲ್ಲಿ ಮಲ್ಗಿದ್ದೆ. ಆನೆ ಬಾಲಾನೂ..."

ನಾನು ಮತ್ತೊಮ್ಮೆ ಚುಂಗು ಜಗ್ಗಿದೆ. ಕೇಳಿದ್ದಕ್ಕಿಂತ ಹೆಚ್ಚು ನಿಜ ಹೇಳುವುದೂ ಒಂದು ಚಟವೇ.

ಮಿಲ್ಲಿನ ಬೆಲ್ಟು ಕೊನೆಯ ಸುತ್ತು ಸುತ್ತಿ ನಿಂತಿತು. ಹಿಟ್ಟಿನ ಧೂಳು ನಿಧಾನಕ್ಕೆ ಇಳಿಯಿತು. ಎಲ್ಲರ ಮುಖ ಮಲ್ಲಯ್ಯನ ಕಡೆ ತಿರುಗಿತು.

"ಕರೆಂಟ್ ಓಯ್ತಾ?" ಎಂದ ಮಲ್ಲಯ್ಯ.

"ಕರೆಂಟ್ ಅದೆ," ಎಂದರು ಅವನ ತಾಯಿ. "ಲಾ ಮಲ್ಲ, ನೀನ್ ಬೆಳಗಿನ್ ಜಾವ ಮಡುವಲ್ಲಿ ಕಂಡಿದ್ದು ಏನ್ಲಾ?"

"ನಾನಾ? ನಾನ್ ಕಂಡಿದ್ದು... ಬ್ಯಾರೆ ಇದ್ದಿರ್ಬೋದು ಕಣವ್ವಾ. ಯಾರಾರ ಬೀಡಿ ಅಚ್ಚಿದ್ರೇನೋ."

"ಬೀಡಿ ಬೆಳ್ಕು ಮೇಲೂ ಕಂಡ್ತಾ, ಕೆಳ್ಗೂ ಕಂಡ್ತಾ?"

ಯುವಕ ಸಂಘದ ಹುಡುಗನೊಬ್ಬ ಮೆಲ್ಲಗೆ, "ಅಣ್ಣ, ಮತ್ತೆ ಸಂಜೆ ಶಾಲು?" ಎಂದ.

ಮಲ್ಲಯ್ಯ ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಮದುವೆಯನ್ನು ಹಿಡಿದುಕೊಂಡ. "ಏನ್ರೋ ಇದು, ಲಗ್ನದ್ ಮಾತ್ ನಡ್ಯೋ ಜಾಗದಲ್ಲಿ ಸಾಲು ಗೀಲು ಅಂತ! ಬೀಗ್ರು ಬಿಸ್ಲಲ್ಲಿ ಬಂದವ್ರೆ, ಒಂದ್ ಲೋಟ ಮಜ್ಗೆ ಕೊಡೋರ್ ಗತಿ ಇಲ್ಲ ಈ ಮನೇಲಿ! ಬನ್ನಿ ಬೀಗ್ರೇ, ಒಳೀಕ್ ಬನ್ನಿ, ದಿನ ಗೊತ್ತು ಮಾಡ್ಬುಡುವ, ಈಗ್ಲೇ ಮಾಡ್ಬುಡುವ!" ಎಂದು ಪುಟ್ಟಬಸವಯ್ಯನ ಸೊಂಟಕ್ಕೆ ಕೈ ಹಾಕಿ ಎಳೆದ. ಇಸ್ತ್ರಿ ಮಾಡಿದ ಪಂಚೆಯ ತುಂಬ ಐದು ಬೆರಳಿನ ರಾಗಿ ಹಿಟ್ಟು.

"ನಿಂತ್ಕಳಿ," ಎಂದರು ಶಿವನಂಜಮ್ಮ.

ಇಬ್ಬರೂ ನಿಂತರು. ಒಬ್ಬ ನಾಚಿಕೆಯಿಂದ ನೆಲ ನೋಡುತ್ತಿದ್ದ, ಇನ್ನೊಬ್ಬ ನಾಚಿಕೆಯಿಂದ ಸೂರು ನೋಡುತ್ತಿದ್ದ. ಮುದುಕಿ ಇವನ ಮುಖ ನೋಡಿದರು, ಅವನ ಮುಖ ನೋಡಿದರು, ಮತ್ತೆ ಇವನ ಮುಖ ನೋಡಿದರು. ಅವರ ಹೆಗಲು ಅಲುಗತೊಡಗಿತು. ಮೊದಲು ಅಳುತ್ತಿದ್ದಾರೆಂದೇ ತಿಳಿದೆ.

"ತಪ್ಪಾಗದೆ ಕಣ್ರಪ್ಪಾ, ನಮ್ಮಿಂದ್ಲೇ ತಪ್ಪಾಗದೆ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ಗಂಡಿಗೂ ಎಣ್ಣಿಗೂ ಸಾಲಾವಳಿ ನೋಡ್ಸುದ್ವಿ. ನೋಡುಸ್ಬೇಕಾಗಿದ್ದು ಬೀಗ್ರಿಗೆ! ಎಷ್ಟ್ ಚೆನ್ನಾಗ್ ಕೂಡ್ತದೆ ನೋಡಿ, ಒಂದಾರ ಗುಣ ಎಚ್ಚುಕಮ್ಮಿ ಅದಾ? ತನ್ರೋ ಎಲೆ ಅಡ್ಕೆ!"

ನರಸಿಂಹ ಜಯಂತಿ ಕಳೆದ ಮೇಲೆ ಮದುವೆಯಾಯಿತು. ರಘೂತ್ತಮಯ್ಯನವರು ಜಯಂತಿಯ ಸಂಕಲ್ಪದಲ್ಲಿ ಸ್ವಾತಿಯ ಹೆಸರನ್ನು ಗುಡಿಯ ಆಚೆಗೂ ಕೇಳುವ ಹಾಗೆ ಹೇಳಿದರೆಂದು ಜಗನ್ ತಿಳಿಸಿದ. ಕವನ ಮದುವೆಯ ದಿನ ಅಪ್ಪನ ಕಡೆ ನೋಡಿದ ನೋಟ ಬೇರೆಯೇ ಇತ್ತು, ಅದನ್ನು ನಾನೂ ಧೈರ್ಯವಾಗಿ ನೋಡಿದೆ.

ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ತಗಡೂರಿನ ಕಡೆಯ ನೆಂಟರೊಬ್ಬರು ಕೂತಿದ್ದರು. ಈ ನಕ್ಷತ್ರದ ಗಲಾಟೆ ಏನೆಂದು ಅವರು ಬಡಿಸುತ್ತಾ ಬಂದ ಮಲ್ಲಯ್ಯನನ್ನು ಕೇಳಿದರು. ಮಲ್ಲಯ್ಯ ಪಾಯಸದ ಬಕೆಟ್ಟು ಕೆಳಗಿಟ್ಟ. ಹಿಂದೆಯೇ ಸೌಟು ಹಿಡಿದು ಬಂದ ಪುಟ್ಟಬಸವಯ್ಯನೂ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರಾತ್ರಿ ನಕ್ಷತ್ರ ಕಾಣೋದೇನ್ ದೊಡ್ ಇಚಾರ ಸ್ವಾಮಿ, ಯಾರ್ ಬೇಕಾದ್ರೂ ನೋಡ್ತಾರೆ," ಎಂದ ಮಲ್ಲಯ್ಯ. "ಇದು ಮಟಮಟ ಮಧ್ಯಾನ! ಅಷ್ಟ್ ಬೆಳ್ಕು!"

"ಕಣ್ ಕೋರೈಸ್ಬುಡ್ತು," ಎಂದ ಪುಟ್ಟಬಸವಯ್ಯ. "ಪುಣ್ಯಕ್ಕೆ ನಾನೂ ಬೀಗ್ರೂ ಒಟ್ಟಿಗೇ ಇದ್ವಿ."